ಮನೋವೈದ್ಯ ಹಳ್ಳಿಯ ಮಾತು ಕಲಿತದ್ದು

ಕರಾವಳಿಯ ಕೋಟದಲ್ಲಿ ಮನಸ್ಸು ಕೆಟ್ಟವರನ್ನು ಮನೆಯವರು ಯಾರ ಹತ್ತಿರ ಕರೆದೊಯ್ಯುತ್ತಾರೆ? ಮಣಿಪಾಲದಲ್ಲಿದ್ದ ಮನೋವೈದ್ಯ ಆರ್. ಎಲ್. ಕಪೂರ್, ಎಡಿನ್‌ಬರೋದ ಮೋರಿಸ್ ಕಾರ್‌ಸ್ಟೇರ್ಸ್ ಜೊತೆ ಬಂಟರ, ಬ್ರಾಹ್ಮಣರ, ಮೊಗವೀರರ ಮನೆಗಳನ್ನು ಸುತ್ತಿದರು. ನಾಟಿ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ, ಜೊತೆಗೆ ಇಂಗ್ಲಿಷ್ ಔಷಧದ ಡಾಕ್ಟರು: ಜನ ಒಬ್ಬರನ್ನೇ ನೆಚ್ಚಿ ಕೂತಿರಲಿಲ್ಲ. ಪಾತ್ರಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಬದಲು ಅವನ ಕೆಲಸವನ್ನೂ ಕೂತು ನೋಡಿದ್ದು ಈ ಅಧ್ಯಯನದ ದೊಡ್ಡತನ. ಅದರ ಪುಸ್ತಕ 1976ರಲ್ಲಿ ಬಂತು.

ಅಷ್ಟರಲ್ಲಿ ಕಪೂರ್ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಸೇರಿದ್ದರು. 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಶುರುವಾಯಿತು. ಬನ್ನೇರುಘಟ್ಟ ರಸ್ತೆಯ ಸಕಲವಾರ ಎಂಬ ಹಳ್ಳಿ ಅದರ ಪಾಠಶಾಲೆಯಾಯಿತು.

ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತೆಗೂ ಕೆಲವೇ ದಿನಗಳ ತರಬೇತಿ ಕೊಡುವ ಉಪಾಯ ಹೊಳೆಯಿತು. ಚುಚ್ಚುಮದ್ದು, ಬಾಣಂತಿಯರ ವಿಚಾರಣೆಗೆಂದು ಮನೆಗೆ ಬರುವ ಆಕೆ ಹಾಗೇ ಇನ್ನೆರಡು ಪ್ರಶ್ನೆ ಕೇಳಬೇಕು: ಯಾರಾದರೂ ಒಬ್ಬರೇ ಮಾತಾಡಿಕೊಳ್ಳುತ್ತಾರಾ? ಫಿಟ್ಸ್ ಬರುತ್ತದಾ? ‘ಸ್ಕಿಜೋಫ್ರೇನಿಯಾ’ ಅಂದರೆ ಯಾರಿಗೂ ತಿಳಿಯದು. ‘ಗಾಳಿ ಬಡಿದೈತಿ’ ಅಂದಾಗ ಅದರ ಹಿಂದೆ ಏನಿದೆ ಎಂದು ಅವಳಿಗೆ ಹೊಳೆಯಬೇಕು.

ಈ ಉಪಾಯದ ದೊಡ್ಡ ಪರೀಕ್ಷೆ ನಡೆದದ್ದು 1985ರಿಂದ, ಬಳ್ಳಾರಿ ಜಿಲ್ಲೆಯಲ್ಲಿ. ಸುಮಾರು 20 ಲಕ್ಷ ಜನ. ಮನೆಮಾತು ಕನ್ನಡ, ತೆಲುಗು, ಉರ್ದು, ತಾಂಡಾಗಳಲ್ಲಿ ಲಂಬಾಣಿ. ಆರೋಗ್ಯ ಕೇಂದ್ರಗಳಿಗೆ ಆರೇ ಔಷಧ: ಕ್ಲೋರ್‌ಪ್ರೋಮಜಿನ್, ಅಮಿಟ್ರಿಪ್ಟಿಲಿನ್, ಫಿನೋಬಾರ್ಬಿಟೋನ್, ಇನ್ನು ಮೂರು. ಬೆಂಗಳೂರಿನಿಂದ ಭಾಷೆ ಬಾರದ ತಜ್ಞರನ್ನು ತರುವುದಕ್ಕಿಂತ, ಜಿಲ್ಲೆಯಲ್ಲೇ ಕೆಲಸ ಮಾಡುತ್ತಿದ್ದವರ ಕೈಗೆ ವಿದ್ಯೆ ಕೊಟ್ಟದ್ದು ಇದರ ಜಾಣತನ.

1996ರಲ್ಲಿ ಇದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ನಾಲ್ಕು ಜಿಲ್ಲೆಗಳಿಗೆ ಹೋಯಿತು, ಆಮೇಲೆ ಹರಡಿತು. ಹರಡಿದಂತೆ ತೆಳುವೂ ಆಯಿತು ಅನ್ನಬೇಕು. ಕಲಿತ ಡಾಕ್ಟರಿಗೆ ವರ್ಗವಾದರೆ ಕಲಿಕೆಯೂ ಅವರ ಟ್ರಂಕಿನಲ್ಲೇ ಊರು ಬಿಡುತ್ತದೆ! 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನೋಡಿದಾಗ, ಬಹುತೇಕ ಕಾಯಿಲೆಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈ ಕೊರತೆಯ ನಡುವೆ 2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. ಮುಂದಾಳತ್ವ ಮತ್ತೆ ನಿಮ್ಹಾನ್ಸ್‌ನದೇ. ಈಗ ಸೇವೆ 20 ಭಾಷೆಗಳಲ್ಲಿದೆ. 14416ಕ್ಕೆ ಕರೆ ಮಾಡಿದವರು ಕಷ್ಟ ಹೇಳಿಕೊಳ್ಳುವ ಮೊದಲು ತಮಗೆ ಬೇಕಾದ ಭಾಷೆ ಆರಿಸಿಕೊಳ್ಳುತ್ತಾರೆ.