ಮಾತು ಬಲ್ಲವನು ಯಾರು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗಾದರೆ ಮಾತು ಬಲ್ಲವನು ಯಾರು? ಜಗಳಕ್ಕೆ ಅಂಜಿ ಸುಮ್ಮನಿರುವವನೆ? ಮೌನದಿಂದ ಜಗಳ ತಪ್ಪಬಹುದು; ಅನರ್ಥವೂ ತಪ್ಪೀತೆಂಬ ಭರವಸೆಯಿಲ್ಲ. ವಿಮಾನಯಾನದ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು.

1978ನೆಯ ಇಸವಿ ಡಿಸೆಂಬರ್ 28ರ ಸಂಜೆ, 189 ಜನರನ್ನು ಹೊತ್ತ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ವಿಮಾನವೊಂದು ಅಮೆರಿಕದ ಪೋರ್ಟ್‌ಲೆಂಡ್ ನಗರವನ್ನು ಸಮೀಪಿಸುತ್ತಿತ್ತು. ಇಳಿಯುವುದಕ್ಕಾಗಿ ಚಕ್ರಗಳನ್ನು ಹೊರಚಾಚಿದಾಗ ದೊಡ್ಡ ಸದ್ದಾಯಿತು. ಚಕ್ರಗಳೆಲ್ಲವೂ ಭದ್ರವಾಗಿ ನಿಂತಿವೆಯೆಂಬ ಸೂಚನೆ ದೊರೆಯಲಿಲ್ಲ. ಮುಖ್ಯ ಚಾಲಕನು ಈ ದೋಷವನ್ನು ವಿಚಾರಿಸುತ್ತ, ಪ್ರಯಾಣಿಕರನ್ನು ಅಪಾಯಕ್ಕೆ ಸಿದ್ಧಗೊಳಿಸುತ್ತ, ಸುಮಾರು ಒಂದು ಗಂಟೆಯ ಕಾಲ ವಿಮಾನವನ್ನು ಆಕಾಶದಲ್ಲೇ ಸುತ್ತಿಸಿದನು. ಚಕ್ರಗಳು ಹೊರಗಿದ್ದಾಗ ಗಾಳಿಯ ತಡೆ ಹೆಚ್ಚು. ಇಂಧನದ ವೆಚ್ಚವೂ ಹೆಚ್ಚು.

ಇಂಧನವು ಇಳಿಯುತ್ತಿದ್ದುದನ್ನು ಸಹಚಾಲಕನೂ ವಿಮಾನದ ಇಂಜಿನಿಯರನೂ ಕಾಣುತ್ತಿದ್ದರು. ಎಷ್ಟು ಉಳಿದಿದೆಯೆಂದು ಒಬ್ಬನು ಕೇಳಿದನು. ಇನ್ನೊಬ್ಬನು ಅಂಕಿಯನ್ನು ಹೇಳಿದನು. ಇನ್ನು ಹದಿನೈದು ನಿಮಿಷ ಕಳೆದರೆ ಇಂಧನ ತೀರ ಕಡಮೆಯಾಗುವುದೆಂದೂ ಸೂಚಿಸಿದನು. ಆದರೆ ‘ಈಗಲೇ ಇಳಿಯಬೇಕು’ ಎಂಬ ಮಾತನ್ನು, ಕಾಲವಿದ್ದಾಗ, ಯಾರೂ ಖಚಿತವಾಗಿ ಆಡಲಿಲ್ಲ. ಕೊನೆಗೆ ನಾಲ್ಕು ಇಂಜಿನುಗಳೂ ನಿಂತುಹೋಗಿ ವಿಮಾನವು ನಿಲ್ದಾಣವನ್ನು ಮುಟ್ಟುವ ಮುನ್ನವೇ ನೆಲಕ್ಕೆ ಬಿದ್ದಿತು. ಹತ್ತು ಮಂದಿ ಮಡಿದರು. ಆ ಇಂಜಿನಿಯರನೂ ಅವರಲ್ಲೊಬ್ಬನು.

ವಿಚಾರಣೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು, ಇಂಧನವನ್ನೂ ಸಹಚರರ ಎಚ್ಚರಿಕೆಯನ್ನೂ ಲಕ್ಷಿಸದ ಮುಖ್ಯ ಚಾಲಕನದೇ ಪ್ರಧಾನ ದೋಷವೆಂದಿತು. ಆದರೆ ಉಳಿದಿಬ್ಬರು ಅಪಾಯದ ತೀವ್ರತೆಯನ್ನು ಪೂರ್ಣವಾಗಿ ಅರಿಯದೆ ಹೋದುದು ಇಲ್ಲವೆ ತಮ್ಮ ಆತಂಕವನ್ನು ಆತನಿಗೆ ಮನಗಾಣಿಸದೆ ಹೋದುದು ಸಹ ಕಾರಣವೆಂದಿತು. ಹಿರಿಯರಿಗೆ ಕಿರಿಯರ ಸಲಹೆಯನ್ನು ಪಡೆಯುವ, ಕಿರಿಯರಿಗೆ ದೃಢವಾಗಿ ಮಾತನಾಡುವ ಶಿಕ್ಷಣವು ಬೇಕೆಂದು ಸೂಚಿಸಿತು. 1981ರಲ್ಲಿ ಅದೇ ವಿಮಾನ ಸಂಸ್ಥೆಯು ಅಂಥ ತರಬೇತಿಯನ್ನು ಆರಂಭಿಸಿತು. ಇಂದು ಅದು ಲೋಕದ ವಿಮಾನಯಾನದಲ್ಲೆಲ್ಲ ರೂಢಿಯಾಗಿದೆ.

ದೃಢವಾದ ಮಾತೆಂದರೆ ಎಂಥದು? ಪ್ರಯೋಗಶಾಲೆಗೆ ಬರೋಣ. ಲೋಲಕದ ಆಂದೋಲನ ಕಾಲವನ್ನು ಅಳೆಯದೆಯೇ, ಪುಸ್ತಕದ ಉತ್ತರಕ್ಕೆ ಹೊಂದುವಂತೆ, ಜೊತೆಗಾರನು ಅಂಕಿಗಳನ್ನು ಬರೆಯುತ್ತಿದ್ದಾನೆನ್ನಿ. ಸುಮ್ಮನೆ ನಕಲು ಮಾಡುವುದು ಒಂದು ಮಾರ್ಗ, ಅದು ಶರಣಾಗತಿ. ‘ನೀನು ಮೋಸಗಾರ’ ಎಂದು ಕೂಗುವುದು ಎರಡನೆಯದು, ಅದು ಆಕ್ರಮಣ. ಆಗ ವಾದವು ಅಂಕಿಯನ್ನು ಬಿಟ್ಟು ಮಾನಾಪಮಾನಕ್ಕೆ ತಿರುಗುತ್ತದೆ. ಮೂರನೆಯದು ಹೀಗಿರಬಹುದು: ‘ನೋಡಯ್ಯ, ಕೊನೆಯ ಮೂರು ಅಂಕಿಗಳನ್ನು ನಾವು ಅಳೆದಿಲ್ಲ. ಅವನ್ನು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಇನ್ನೂ ಅರ್ಧ ಗಂಟೆಯಿದೆ, ಮತ್ತೆ ಅಳೆಯೋಣ. ಆಗಬಹುದೆ?’

ಈ ಮಾತಿನಲ್ಲಿ ನಾಲ್ಕು ಅಂಗಗಳಿವೆ: ನಡೆದ ಸಂಗತಿ, ತನ್ನ ನಿಲುವು, ಪರಿಹಾರ, ಎದುರಿನವನ ಒಪ್ಪಿಗೆಯನ್ನು ಕೇಳುವ ಪ್ರಶ್ನೆ. ನಿಂದೆಯಿಲ್ಲ, ಅಳುಕೂ ಇಲ್ಲ. ಜೊತೆಗಾರನು ಒಪ್ಪದಿದ್ದರೆ ಅದನ್ನೇ ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಬೇಕು; ಅದಕ್ಕೂ ಮಣಿಯದಿದ್ದರೆ ಉಪಾಧ್ಯಾಯರಿಗೆ ತಿಳಿಸಬೇಕು. ಎದುರಿನವನ ಮನಸ್ಸು ನಮ್ಮ ವಶದಲ್ಲಿಲ್ಲ. ನಮ್ಮ ಮಾತಿನ ಸ್ಪಷ್ಟತೆ ಮಾತ್ರ ನಮ್ಮ ವಶದಲ್ಲಿದೆ.

ಹಿರಿಯರ ಮುಂದೆ ಹೀಗೆ ಮಾತನಾಡುವುದು ಅವಿನಯವಲ್ಲವೆ ಎಂದು ಕೆಲವರು ಶಂಕಿಸಬಹುದು. ಕರಿಹಲಗೆಯ ಮೇಲೆ ನಾವು ತಪ್ಪು ಬರೆದಾಗ ತರಗತಿಯಲ್ಲಿ ಪಿಸುಮಾತು ಹಬ್ಬುವುದುಂಟು. ಎದ್ದು ನಿಂತು, ‘ಸಾರ್, ಎರಡನೆಯ ಸಾಲಿನಲ್ಲಿ ಋಣಚಿಹ್ನೆ ಬಿಟ್ಟುಹೋಗಿದೆ’ ಎನ್ನುವವರು ವಿರಳ. ಹಾಗೆ ಹೇಳಿದ ವಿದ್ಯಾರ್ಥಿಯು ನಮ್ಮನ್ನು ಅವಮಾನಿಸಿದಂತಾಗಲಿಲ್ಲ. ಇಡೀ ತರಗತಿಯನ್ನು ತಪ್ಪು ಉತ್ತರದಿಂದ ಉಳಿಸಿದಂತಾಯಿತು. ಗಾದೆಯು ಹೇಳುವ ಮಾತು ಬಲ್ಲವನು ಅವನೇ ಎಂದು ನಾವು ತಿಳಿಯುತ್ತೇವೆ.