ವಿಮಾನದ ಕಿವಿಯೂ ಪ್ರಯಾಣಿಕನ ಫೋನೂ

ವಿಮಾನವು ನೆಲವನ್ನು ಬಿಡುವುದಕ್ಕೆ ಮುಂಚೆ ಗಗನಸಖಿಯು ಹೇಳುವ ಮಾತುಗಳಲ್ಲಿ ಎರಡು ಎಲ್ಲರಿಗೂ ನೆನಪಿರುತ್ತವೆ. ಸೊಂಟದ ಪಟ್ಟಿಯನ್ನು ಬಿಗಿದುಕೊಳ್ಳಿರಿ ಎಂಬುದು ಒಂದು. ಮೊಬೈಲ್ ಫೋನುಗಳನ್ನು ಫ್ಲೈಟ್ ಮೋಡಿನಲ್ಲಿಡಿರಿ ಎಂಬುದು ಮತ್ತೊಂದು. ಮೊದಲನೆಯದರ ಉದ್ದೇಶ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ. ಎರಡನೆಯದರ ವಿಷಯದಲ್ಲಿ ಮಾತ್ರ ವಿದ್ಯಾವಂತರಲ್ಲಿಯೂ ಎರಡು ಪಂಗಡಗಳಿವೆ. ಒಬ್ಬನೇ ಒಬ್ಬನು ಫೋನನ್ನು ಮರೆತರೂ ವಿಮಾನವು ಕೆಳಗುರುಳುವುದೆಂದು ಕೆಲವರು ಹೆದರುತ್ತಾರೆ. ಇದೆಲ್ಲ ಹಿಂದಿನಿಂದ ಬಂದ ಒಂದು ಮಡಿ, ಇದರಲ್ಲಿ ಸತ್ವವೇನೂ ಇಲ್ಲವೆಂದು ಇನ್ನು ಕೆಲವರು ನಗುತ್ತಾರೆ. ಪಾಠದಲ್ಲಿ ವಿದ್ಯುತ್ಕಾಂತ ತರಂಗಗಳ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಎರಡು ಪಂಗಡಗಳವರ ಮಾತೂ ಪೂರ್ತಿ ನಿಜವಲ್ಲ. ಅದೇಕೆಂದು ತಿಳಿಯಬೇಕಾದರೆ ಮೊಬೈಲ್ ಫೋನು ಹುಟ್ಟುವುದಕ್ಕೂ ಹಿಂದಕ್ಕೆ ಹೋಗಬೇಕು. ಏಕೆಂದರೆ ಈ ನಿಯಮಕ್ಕೆ ಮೂಲ ಫೋನಲ್ಲ, ರೇಡಿಯೋ ಪೆಟ್ಟಿಗೆ.

ಕೈಯಲ್ಲಿ ಹಿಡಿದು ಓಡಾಡಬಹುದಾದ ಟ್ರಾನ್ಸಿಸ್ಟರ್ ರೇಡಿಯೋಗಳು ಬಂದ ಹೊಸತರಲ್ಲಿ, ಅಂದರೆ 1961ರಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ವಿಮಾನಯಾನ ಆಡಳಿತವು ಪ್ರಯಾಣಿಕರು ವಿಮಾನದಲ್ಲಿ ಎಫ್.ಎಂ. ರೇಡಿಯೋ ಕೇಳಕೂಡದೆಂದು ವಿಧಿಸಿತು. ಇದು ವಿಚಿತ್ರವಾಗಿ ತೋರಬಹುದು. ರೇಡಿಯೋ ಪೆಟ್ಟಿಗೆ ಅಲೆಗಳನ್ನು ಹಿಡಿಯುವ ಯಂತ್ರವೇ ಹೊರತು ಬಿಡುವ ಯಂತ್ರವಲ್ಲವಷ್ಟೆ. ಸುಮ್ಮನೆ ಕೇಳುತ್ತ ಕುಳಿತವನಿಂದ ಇನ್ನೊಬ್ಬನ ಮಾತಿಗೆ ಅಡ್ಡಿಯಾಗುವುದು ಹೇಗೆ?

ಉತ್ತರವು ಪೆಟ್ಟಿಗೆಯ ಒಳಗಿದೆ. ಬಾನಿನಿಂದ ಬರುವ ಅಲೆಯ ಆವೃತ್ತಿ ಬಹಳ ಹೆಚ್ಚು. ನಿಲಯದಿಂದ ನಿಲಯಕ್ಕೆ ಅದು ಬೇರೆಯಾಗಿರುವುದರಿಂದ ಪ್ರತಿಯೊಂದನ್ನೂ ನೇರವಾಗಿ ವರ್ಧಿಸುವುದು ಕಷ್ಟ. ಆದುದರಿಂದ ರೇಡಿಯೋದೊಳಗೆ ಒಂದು ಚಿಕ್ಕ ಆಂದೋಲಕವನ್ನಿಟ್ಟು, ಅದರ ಕಂಪನವನ್ನು ಹೊರಗಿನ ಅಲೆಯೊಡನೆ ಬೆರೆಸುತ್ತಾರೆ. ಎರಡರ ವ್ಯತ್ಯಾಸವು ಯಾವಾಗಲೂ 10.7 ಮೆಗಾಹರ್ಟ್ಸ್ ಇರುವಂತೆ ಆಂದೋಲಕವೂ ಮುಳ್ಳಿನೊಡನೆ ಏರಿಳಿಯುತ್ತದೆ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ. ಸಾಮಾನ್ಯವಾಗಿ ಆಂದೋಲಕದ ಆವೃತ್ತಿಯು ನಿಲಯದ ಆವೃತ್ತಿಗಿಂತ 10.7ರಷ್ಟು ಮೇಲಿರುತ್ತದೆ. ಈ ಆಂದೋಲಕವೇ ನಮ್ಮ ಕಳ್ಳ. ಏಕೆಂದರೆ ಅದರ ಶಕ್ತಿಯಲ್ಲಿ ಅತ್ಯಲ್ಪ ಭಾಗವು ಪೆಟ್ಟಿಗೆಯಿಂದ ಹೊರಕ್ಕೆ ಸೋರುತ್ತದೆ.

ಬೆಂಗಳೂರಿನ ನಿಲಯಗಳನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. 2001ರ ಜುಲೈಯಲ್ಲಿ ಇಲ್ಲಿ ಆರಂಭವಾದ ರೇಡಿಯೋ ಸಿಟಿ, ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ, ಇರುವುದು 91.1ರಲ್ಲಿ. ಅದನ್ನು ಕೇಳುವ ರೇಡಿಯೋದ ಆಂದೋಲಕ 101.8ರಲ್ಲಿ ಮಿಡಿಯುತ್ತದೆ. ಇದೂ ಪ್ರಸಾರದ ಪಟ್ಟಿಯೊಳಗೇ ಬೀಳುವುದರಿಂದ ವಿಮಾನಕ್ಕೆ ತೊಂದರೆಯಿಲ್ಲ. ಆದರೆ ಆಕಾಶವಾಣಿಯ ಎಫ್.ಎಂ. ರೈನ್‌ಬೋ ಇರುವುದು 101.3ರಲ್ಲಿ, 10.7ನ್ನು ಕೂಡಿಸಿದರೆ ಸರಿಯಾಗಿ 112.0. ವಿವಿಧ ಭಾರತಿಯ 102.9ಕ್ಕೆ ಕೂಡಿಸಿದರೆ 113.6. ಇನ್ನು ವಿಮಾನಗಳು ದಿಕ್ಕು ತಿಳಿಯಲು ಆಶ್ರಯಿಸುವ ನೆಲದ ರೇಡಿಯೋ ಕೇಂದ್ರಗಳಿಗೆ ಜಗತ್ತಿನಲ್ಲೆಲ್ಲ ಮೀಸಲಾಗಿರುವ ಪಟ್ಟಿ ಯಾವುದು? 108ರಿಂದ 118 ಮೆಗಾಹರ್ಟ್ಸ್‌ವರೆಗಿನದು. ಹಳೆಯ ಹಾಡು ಕೇಳುತ್ತ ಕಿಟಕಿಯ ಬಳಿ ಕುಳಿತವನು ತನಗರಿವಿಲ್ಲದೆಯೇ ಆ ಪಟ್ಟಿಯಲ್ಲಿ ಒಂದು ಪುಟ್ಟ ಪ್ರೇಷಕವನ್ನು ನಡೆಸುತ್ತಿರುತ್ತಾನೆ.

ಇದು ಬರಿಯ ಬಾಯಿಮಾತಲ್ಲ. ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಮುಳ್ಳು ತಿರುಗಿಸುವ ಹಳೆಯ ಮಾದರಿಯ ಎರಡು ಎಫ್.ಎಂ. ರೇಡಿಯೋಗಳು ಬೇಕು. ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಸಿಕ್ಕಾವು. ಒಂದನ್ನು 105ರ ಸುಮಾರಿನಲ್ಲಿ, ಯಾವ ನಿಲಯವೂ ಇಲ್ಲದೆ ಬರಿಯ ‘ಸುಯ್’ ಎನ್ನುವ ಸದ್ದಿರುವ ಕಡೆ ನಿಲ್ಲಿಸಿ. ಇನ್ನೊಂದನ್ನು ಪಕ್ಕದಲ್ಲಿಟ್ಟು ಅದರ ಮುಳ್ಳನ್ನು 94ರ ಆಸುಪಾಸಿನಲ್ಲಿ ನಿಧಾನವಾಗಿ ತಿರುಗಿಸುತ್ತ ಹೋಗಿ. ಒಂದು ಜಾಗದಲ್ಲಿ ಮೊದಲನೆಯ ರೇಡಿಯೋದ ಸುಯ್‌ಗುಟ್ಟುವಿಕೆ ತಟ್ಟನೆ ಅಡಗುತ್ತದೆ. ಎರಡನೆಯದರ ಆಂದೋಲಕವು ಮೊದಲನೆಯದರ ಕಿವಿಯನ್ನು ತುಂಬಿತೆಂದು ಇದರ ಅರ್ಥ. ಈಗಿನ ಫೋನುಗಳಲ್ಲಿರುವ ಎಫ್.ಎಂ. ಚಿಪ್ಪುಗಳು ಬೇರೆ ಬಗೆಯವು. ಅವುಗಳಲ್ಲಿ ಈ ಆಟ ನಡೆಯುವುದಿಲ್ಲ.

ಇಷ್ಟು ದುರ್ಬಲವಾದ ಸೋರಿಕೆಗೆ ವಿಮಾನವು ಏಕೆ ಅಂಜಬೇಕು? ವಿಮಾನದ ಕಿವಿಗಳು ಅತಿ ಸೂಕ್ಷ್ಮವಾಗಿರುವುದರಿಂದ. ಡಿಸೆಂಬರ್-ಜನವರಿ ತಿಂಗಳ ಮುಂಜಾವಿನಲ್ಲಿ ದೇವನಹಳ್ಳಿಯ ಬಯಲಿನ ಮೇಲೆ ಮಂಜು ಕವಿದಿರುವಾಗ ಇಳಿಯಬೇಕಾದ ವಿಮಾನವನ್ನು ಊಹಿಸಿಕೊಳ್ಳಿ. ಚಾಲಕನಿಗೆ ನೆಲ ಕಾಣಿಸದು. ರನ್‌ವೇಯ ಕೊನೆಯಲ್ಲಿರುವ ಪ್ರೇಷಕವು 108ರಿಂದ 112ರೊಳಗಿನ ಒಂದು ಆವೃತ್ತಿಯಲ್ಲಿ ಅಲೆಗಳನ್ನು ಕಳುಹಿಸುತ್ತಿರುತ್ತದೆ. ಆ ಅಲೆಗಳ ಮೇಲೆ ಸೆಕೆಂಡಿಗೆ 90 ಕಂಪನಗಳ ಒಂದು ಸ್ವರವನ್ನೂ 150 ಕಂಪನಗಳ ಇನ್ನೊಂದು ಸ್ವರವನ್ನೂ ಹೊರಿಸಲಾಗಿದೆ. ವಿಮಾನವು ರನ್‌ವೇಯ ನಡುಗೆರೆಯ ನೇರಕ್ಕೆ ಬರುತ್ತಿದ್ದರೆ ಎರಡು ಸ್ವರಗಳೂ ಸಮವಾಗಿರುತ್ತವೆ. ಎಡಕ್ಕೆ ಸರಿದರೆ 90ರ ಸ್ವರ ಮೇಲಾಗುತ್ತದೆ, ಬಲಕ್ಕೆ ಸರಿದರೆ 150ರದು. ಈ ಹೆಚ್ಚುಕಡಮೆಯನ್ನು ಅಳೆದು ಒಂದು ಸೂಜಿಯು ಆಚೀಚೆ ಚಲಿಸುತ್ತದೆ. ಇಳಿಯುವ ಇಳಿಜಾರನ್ನು ತೋರಿಸಲು 330ರ ಆಸುಪಾಸಿನಲ್ಲಿ ಇಂಥದೇ ಇನ್ನೊಂದು ಏರ್ಪಾಡು ಉಂಟು. ನೂರಾರು ಜನರ ಪ್ರಾಣವು ಆ ಕೆಲವು ನಿಮಿಷಗಳಲ್ಲಿ ಎರಡು ಸ್ವರಗಳ ವ್ಯತ್ಯಾಸವನ್ನು ಅವಲಂಬಿಸಿದೆ.

ಉಪಗ್ರಹಗಳ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಬೆಂಗಳೂರಿನ ಪೂರ್ವಕ್ಕೆ, ಕೆ.ಆರ್. ಪುರದಿಂದ ದೂರವಿಲ್ಲದ ಕುಂದಲಹಳ್ಳಿಯಲ್ಲಿ, ‘ಗಗನ್’ ಎಂಬ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇಸ್ರೋ ಸಂಸ್ಥೆಯೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವೂ ಕೂಡಿ ಕಟ್ಟಿದ ಈ ವ್ಯವಸ್ಥೆಯು ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿರುವ ತಪ್ಪನ್ನು ತಿದ್ದಿ, ಆ ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಗಳಿಗೆ ತಲುಪಿಸುತ್ತದೆ. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಸಂಸ್ಥೆಯೊಂದರ ವಿಮಾನವು ಇದರ ನೆರವಿನಿಂದ ಪ್ರಯೋಗಾರ್ಥವಾಗಿ ಇಳಿಯಿತು. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಂಕೇತವು ವಿಮಾನದ ಬೆನ್ನಿನ ಮೇಲಿರುವ ಆಂಟೆನಾವನ್ನು ಮುಟ್ಟುವ ವೇಳೆಗೆ ಅದರಲ್ಲಿ ಉಳಿಯುವ ಶಕ್ತಿ ಎಷ್ಟು? ಒಂದು ವಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ನೂರು ಚೂರು ಮಾಡಿದರೆ ಸಿಕ್ಕುವ ಒಂದು ಚೂರಿನಷ್ಟು. 4ಜಿ ಫೋನು ಗಟ್ಟಿಯಾಗಿ ಮಾತನಾಡುವಾಗ ಬಿಡುವ ಶಕ್ತಿಯಾದರೋ ಒಂದು ವಾಟಿನ ಐದನೆಯ ಒಂದು ಪಾಲು. ಉಪಗ್ರಹದ ಪಿಸುಮಾತಿಗಿಂತ ಎರಡು ಸಾವಿರ ಲಕ್ಷ ಕೋಟಿ ಪಟ್ಟು! ಫೋನಿನ ಆವೃತ್ತಿ ಬೇರೆ, ಜಿಪಿಎಸ್ಸಿನ ಆವೃತ್ತಿ ಬೇರೆ ಎಂಬುದು ನಿಜ. ಆದರೆ ಯಾವ ಪ್ರೇಷಕವೂ ತನ್ನ ಗೆರೆಯೊಳಗೇ ಪೂರ್ತಿಯಾಗಿ ನಿಲ್ಲುವುದಿಲ್ಲ. ಇಷ್ಟು ಅಂತರವಿರುವಾಗ ಗೆರೆಯಾಚೆಗೆ ಚೆಲ್ಲುವ ಹನಿಯೂ ಲೆಕ್ಕಕ್ಕೆ ಬರುತ್ತದೆ.

ವಿಮಾನದ ಮೈ ಲೋಹದ್ದಲ್ಲವೆ, ಅಲೆಗಳನ್ನು ಅದು ತಡೆಯುವುದಿಲ್ಲವೆ ಎಂದು ಜಾಣ ವಿದ್ಯಾರ್ಥಿಯು ಕೇಳುವನು. ತಡೆಯುತ್ತದೆ, ಆದರೆ ಅದರಲ್ಲಿ ಸಾಲಾಗಿ ಕಿಟಕಿಗಳಿವೆ. 1800 ಮೆಗಾಹರ್ಟ್ಸ್‌ನ ಅಲೆಯುದ್ದ ಸುಮಾರು 17 ಸೆಂಟಿಮೀಟರ್, ಕಿಟಕಿಯ ಎತ್ತರಕ್ಕಿಂತ ಕಡಮೆ. ಅದು ಹೊರಬಿದ್ದು, ಮೈಗುಂಟ ಹರಿದು, ಆಂಟೆನಾಗಳನ್ನು ತಲುಪಬಲ್ಲುದು.

ಈಗ ಫೋನಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಫೋನೂ ಅಗ್ಗದ ವಿಮಾನಯಾನವೂ ಹೆಚ್ಚು ಕಡಮೆ ಒಟ್ಟಿಗೇ ಬಂದವು. 2003ರಲ್ಲಿ ಬೆಂಗಳೂರಿನ ಏರ್ ಡೆಕ್ಕನ್ ಸಂಸ್ಥೆಯು ಹಾರಾಟವನ್ನಾರಂಭಿಸಿದಾಗ, ಅದುವರೆಗೆ ವಿಮಾನವನ್ನು ತಲೆಯೆತ್ತಿ ನೋಡಿದ್ದವರು ಅದರೊಳಗೆ ಕುಳಿತರು. ಅವರ ಜೇಬಿನಲ್ಲಿ ಫೋನೂ ಇತ್ತು. 2008ರ ಮೇ ತಿಂಗಳವರೆಗೆ ಊರಿನ ಪ್ರಯಾಣಿಕ ವಿಮಾನಗಳೆಲ್ಲ ಎಚ್.ಎ.ಎಲ್. ನಿಲ್ದಾಣದಿಂದಲೇ ಹೋಗಿಬರುತ್ತಿದ್ದವಾದ್ದರಿಂದ, ದೊಮ್ಮಲೂರು, ಇಂದಿರಾನಗರ, ಮಾರತ್ತಹಳ್ಳಿಗಳ ಜನರಿಗೆ ಅವುಗಳ ಸದ್ದು ದಿನನಿತ್ಯದ ಸಂಗತಿಯಾಗಿತ್ತು.

ಶಿವಾಜಿನಗರದ ಗಲ್ಲಿಯಲ್ಲಿ ನಿಂತವನ ಫೋನಿಗೆ ಸುತ್ತಣ ಕಟ್ಟಡಗಳ ಮರೆಯಿಂದ ಕೆಲವೇ ಗೋಪುರಗಳು ಕಾಣುತ್ತವೆ. ಹತ್ತಿರದ ಗೋಪುರವು ‘ಮೆಲ್ಲಗೆ ಮಾತಾಡು, ಸಾಕು’ ಎಂದು ಅದಕ್ಕೆ ಅಪ್ಪಣೆ ಮಾಡುತ್ತದೆ. ಅದೇ ಫೋನನ್ನು ಮೂರು ಸಾವಿರ ಮೀಟರ್ ಮೇಲಕ್ಕೊಯ್ಯಿರಿ. ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ. ಇಲ್ಲಿ ಅದು ಸುಮಾರು 195 ಕಿಲೋಮೀಟರ್. ಹಲಸೂರು ಕೆರೆಯ ಮೇಲೆ ಹಾರುವ ಫೋನಿಗೆ ಮೈಸೂರು, ಹಾಸನ, ವೆಲ್ಲೂರುಗಳೆಲ್ಲ ದಿಗಂತದೊಳಗೇ ಇವೆ. ನೂರಾರು ಗೋಪುರಗಳು ಒಟ್ಟಿಗೆ ಎದುರಾಗುತ್ತವೆ. ಆದರೆ ಅವುಗಳ ಆಂಟೆನಾಗಳು ನೆಲದತ್ತ ಬಾಗಿರುವುದರಿಂದ ಒಂದೂ ಚೆನ್ನಾಗಿ ಸಿಕ್ಕದು. ಸಿಕ್ಕಿದ್ದೂ ವಿಮಾನದ ವೇಗಕ್ಕೆ ನಿಮಿಷದೊಳಗೆ ಹಿಂದಾಗುತ್ತದೆ. ಫೋನು ಮತ್ತೆ ಮತ್ತೆ ಹುಡುಕುತ್ತ, ಉತ್ತರ ಬಾರದಿದ್ದಾಗ ತನ್ನ ದನಿಯನ್ನು ಪೂರ್ಣ ಶಕ್ತಿಗೆ ಏರಿಸಿಕೊಳ್ಳುತ್ತದೆ. ಅಲ್ಲಿಗೆ ಎರಡು ಕೆಡುಕಾಯಿತು: ವಿಮಾನದೊಳಗೆ ಗದ್ದಲ, ನೆಲದ ಮೇಲಿನ ಜಾಲಕ್ಕೆ ಉಪದ್ರವ. ಈ ಎರಡನೆಯ ಕಾರಣಕ್ಕಾಗಿಯೇ 1991ರಲ್ಲಿ ಅಮೆರಿಕಾದ ಸಂಪರ್ಕ ಆಯೋಗವು ಹಾರಾಟದಲ್ಲಿ ಮೊಬೈಲನ್ನು ನಿಷೇಧಿಸಿತು. ಪ್ರಾಣಭಯದ ಮಾತೇ ಅಲ್ಲಿ ಮುಖ್ಯವಾಗಿರಲಿಲ್ಲವೆಂಬುದನ್ನು ನಗುವ ಪಂಗಡದವರು ಗಮನಿಸಬೇಕು.

ಭಯಪಡುವ ಪಂಗಡದವರಿಗೂ ಒಂದು ಮಾತು. ಪ್ರಯಾಣಿಕನ ಫೋನಿನಿಂದಲೇ ದೊಡ್ಡ ವಿಮಾನವೊಂದು ಬಿದ್ದಿತೆಂದು ಇದುವರೆಗೆ ಸಿದ್ಧವಾಗಿಲ್ಲ. ಹತ್ತಿರಕ್ಕೆ ಬರುವ ನಿದರ್ಶನವೆಂದರೆ ನ್ಯೂಜಿಲೆಂಡಿನದು. 2003ರ ಜೂನ್ 6ರ ರಾತ್ರಿ ಹತ್ತು ಜನರಿದ್ದ ಪುಟ್ಟ ವಿಮಾನವೊಂದು ಮಂಜಿನಲ್ಲಿ ಕ್ರೈಸ್ಟ್‌ಚರ್ಚಿನ ರನ್‌ವೇಗಿಂತ ಮೊದಲೇ ನೆಲಕ್ಕಪ್ಪಳಿಸಿ ಎಂಟು ಮಂದಿ ಸತ್ತರು. ಕೊನೆಯ ನಿಮಿಷಗಳಲ್ಲಿ ಚಾಲಕನ ಸ್ವಂತ ಫೋನು ಕರೆಯಲ್ಲಿತ್ತು. ಅದು ಇಳಿಜಾರಿನ ಸೂಜಿಯನ್ನು ದಾರಿ ತಪ್ಪಿಸಿರಬಹುದೆಂದು ತನಿಖೆಯವರು ಬರೆದರು. ‘ಇರಬಹುದು’ ಎಂದರೇ ಹೊರತು ‘ಅದೇ ಕಾರಣ’ ಎನ್ನಲಿಲ್ಲ. ಅಲ್ಲಿ ಫೋನು ಉಪಕರಣಗಳಿಗೆ ಬಹು ಸಮೀಪದಲ್ಲಿತ್ತೆಂಬುದನ್ನು ಮರೆಯಬಾರದು. ಅಲೆಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಇಪ್ಪತ್ತನೆಯ ಸಾಲಿನ ಫೋನು ಬೇರೆ, ಚಾಲಕನ ಜೇಬಿನ ಫೋನು ಬೇರೆ.

ಹಾಗಾದರೆ ಈಗ ನಿಯಮ ಸಡಿಲವಾದುದೇಕೆ? ವಿಮಾನಗಳ ತಂತಿಗಳಿಗೂ ಪೆಟ್ಟಿಗೆಗಳಿಗೂ ಒಳ್ಳೆಯ ಕವಚಗಳು ಬಂದವು. ಪ್ರತಿ ಮಾದರಿಯನ್ನೂ ಫೋನಿನ ಅಲೆಗಳ ಎದುರಿಗಿಟ್ಟು ಪರೀಕ್ಷಿಸುವ ಪದ್ಧತಿ ಬೆಳೆಯಿತು. 2013ರ ಅಕ್ಟೋಬರಿನಲ್ಲಿ ಅಮೆರಿಕಾವೂ, 2014ರ ಏಪ್ರಿಲಿನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ, ಫ್ಲೈಟ್ ಮೋಡಿನಲ್ಲಿರುವ ಉಪಕರಣಗಳನ್ನು ಹಾರಾಟದ ಎಲ್ಲ ಹಂತಗಳಲ್ಲಿಯೂ ಬಳಸಬಹುದೆಂದವು. ಇಲ್ಲಿ ಒಂದು ಸ್ವಾರಸ್ಯವಿದೆ. ಹೀಗೆ ಸಡಿಲಿಸಿದ ಮರುವರ್ಷವೇ, 2014ರಲ್ಲಿ, ಬೋಯಿಂಗ್ 737 ಮತ್ತು 777 ವಿಮಾನಗಳಲ್ಲಿದ್ದ ಒಂದು ಮಾದರಿಯ ಪ್ರದರ್ಶಕ ಪರದೆಗಳು ವೈ-ಫೈ ಅಲೆಗಳ ಪರೀಕ್ಷೆಯಲ್ಲಿ ಮಂಕಾದುವೆಂದು ತಿಳಿದು, 1,300ಕ್ಕೂ ಹೆಚ್ಚು ವಿಮಾನಗಳಲ್ಲಿ ಅವುಗಳನ್ನು ಬದಲಾಯಿಸಬೇಕೆಂದು ಅದೇ ಅಮೆರಿಕಾ ಆಜ್ಞೆ ಮಾಡಿತು. ಪರೀಕ್ಷಿಸಿ ಸಡಿಲಿಸುವುದಕ್ಕೂ ನಗುತ್ತ ಸಡಿಲಿಸುವುದಕ್ಕೂ ಇರುವ ಅಂತರ ಇದೇ.

ಭಾರತದಲ್ಲಿ 2018ರ ಡಿಸೆಂಬರಿನ ನಿಯಮಗಳು 3000 ಮೀಟರಿಗೆ ಮೇಲ್ಪಟ್ಟು ವಿಮಾನದೊಳಗೆ ಮೊಬೈಲ್ ಸಂಪರ್ಕಕ್ಕೆ ಎಡೆಮಾಡಿದವು. 2020ರ ತಿದ್ದುಪಡಿಯಂತೆ ಚಾಲಕನು ಒಪ್ಪಿದರೆ ಫ್ಲೈಟ್ ಮೋಡಿನಲ್ಲಿರುವ ಫೋನಿಗೆ ವೈ-ಫೈ ಸಿಕ್ಕಬಹುದು. ಫೋನು ಬೇಡವೆಂದವರೇ ಫೋನಿಗೆ ಅವಕಾಶ ಕೊಟ್ಟದ್ದು ವಿರೋಧಾಭಾಸವಲ್ಲ. ವಿಮಾನದೊಳಗೇ ಒಂದು ಪುಟ್ಟ ಕೇಂದ್ರವನ್ನಿಟ್ಟರೆ ಫೋನು ದೂರದ ಗೋಪುರಕ್ಕಾಗಿ ಕೂಗಬೇಕಾಗಿಲ್ಲ. ನಾಲ್ಕು ಮೀಟರ್ ದೂರದ ನೆರೆಯವನೊಡನೆ ಪಿಸುಗುಟ್ಟಿದರೆ ಸಾಕು. ಏರುವಾಗಲೂ ಇಳಿಯುವಾಗಲೂ ಲ್ಯಾಪ್‌ಟಾಪನ್ನು ಮುಚ್ಚಿಡಿ ಎನ್ನುವುದಕ್ಕೆ ಮಾತ್ರ ಅಲೆಗಳು ಕಾರಣವಲ್ಲ. ಎರಡು ಕಿಲೋಗ್ರಾಂ ತೂಕದ ಗಟ್ಟಿ ಹಲಗೆಯೊಂದು ವಿಮಾನವು ತಟಕ್ಕನೆ ನಿಂತಾಗ ಮುಂದಿನವನ ತಲೆಗೆ ಹಾರದಿರಲಿ ಎಂಬುದಷ್ಟೇ. ಅದು ನ್ಯೂಟನ್ನನ ಮೊದಲ ನಿಯಮ.

ಇತ್ತೀಚೆಗೆ ಅಧಿಕಾರಿಗಳ ಚಿಂತೆ ಅಲೆಗಳಿಂದ ಬ್ಯಾಟರಿಗೆ ತಿರುಗಿದೆ. 2025ರ ಜನವರಿ 28ರಂದು ಕೊರಿಯಾದ ಬುಸಾನ್ ನಗರದ ನಿಲ್ದಾಣದಲ್ಲಿ ನಿಂತಿದ್ದ ವಿಮಾನವೊಂದು ಹೊತ್ತಿ ಉರಿಯಿತು. ಸಾಮಾನು ಗೂಡಿನಲ್ಲಿದ್ದ ಪವರ್ ಬ್ಯಾಂಕೇ ಮೂಲವಿರಬಹುದೆಂದು ತನಿಖೆಯು ಹೇಳಿತು. ಪವರ್ ಬ್ಯಾಂಕುಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು, ಸರಕಿನ ಕೋಣೆಗೆ ಕೊಡಬಾರದು. ಕಣ್ಣೆದುರಿಗಿದ್ದರೆ ಹೊಗೆ ಕಂಡೊಡನೆ ನಂದಿಸಬಹುದಷ್ಟೆ. ವಿಮಾನ ಸಂಸ್ಥೆಯ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಗಂಟೆ. ಮೇಲೆ ಬರೆದಿರುವ ಮಿಲಿಆಂಪಿಯರ್-ಗಂಟೆಯನ್ನು ಸಾವಿರದಿಂದ ಭಾಗಿಸಿ 3.7 ವೋಲ್ಟಿನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 20,000ದ ಪೆಟ್ಟಿಗೆಯಲ್ಲಿ 74 ವಾಟ್-ಗಂಟೆ, 27,000ಕ್ಕೆ ಮಿತಿ ಮುಗಿಯಿತು.