ಕಿರಿದಾದ ಹಾದಿ, ಹಿರಿದಾದ ಕಾರು

ಕಬ್ಬು ಕಡಿಯುವ ಕಾಲ ಬಂದಿತೆಂದರೆ, ಮದ್ದೂರು ತಾಲ್ಲೂಕಿನ ಕೊಪ್ಪದ ಸುತ್ತಿನ ಊರುಗಳಲ್ಲಿ, ಸಕ್ಕರೆ ಕಾರ್ಖಾನೆಯತ್ತ ಸಾಗುವ ಎತ್ತಿನ ಗಾಡಿಗಳಿಗೂ ಟ್ರ್ಯಾಕ್ಟರುಗಳಿಗೂ, ಶಾಲೆಗೆ ನಡೆಯುವ ಮಕ್ಕಳಿಗೂ, ಹುಲ್ಲಿನ ಹೊರೆ ಹೊತ್ತ ಹೆಂಗಸರಿಗೂ ಇರುವುದು ಒಂದೇ ಹಾದಿ. ಈ ಹಾದಿಗೆ ಈಚೆಗೆ ಭಾರೀ ಗಾತ್ರದ ಕಾರುಗಳೂ ಬಂದು ಸೇರಿರುವುದರಿಂದ ಒದಗಿರುವ ಬಾಧೆಯು ಕೇವಲ ಅಸೌಕರ್ಯವಲ್ಲ. ಅದು ಪ್ರಾಣಕ್ಕೆ ಸಂಬಂಧಿಸಿದ್ದು, ಅದರ ಕಾರಣವು ಭೌತಶಾಸ್ತ್ರದ ಸರಳ ನಿಯಮಗಳಲ್ಲಿಯೇ ಉಂಟು.

ಒಂಟಿ ಪಥದ ರಸ್ತೆಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಗೊತ್ತುಪಡಿಸಿರುವ ಡಾಂಬರಿನ ಅಗಲ 3.75 ಮೀಟರು. 1983ರಲ್ಲಿ ಬಂದ ಮಾರುತಿ 800 ಕಾರು ಸುಮಾರು 1.4 ಮೀಟರು ಅಗಲವೂ 650 ಕಿಲೋಗ್ರಾಂ ತೂಕವೂ ಉಳ್ಳದ್ದಾಗಿದ್ದರೆ, ಇಂದಿನ ದೊಡ್ಡ ಕಾರುಗಳಲ್ಲಿ ಹಲವು 1.85 ಮೀಟರು ಅಗಲವಾಗಿ ಎರಡು ಟನ್ನು ತೂಗುತ್ತವೆ. ಇಂತಹ ಎರಡು ಕಾರುಗಳು ಎದುರುಬದುರಾದರೆ, ಪಕ್ಕದ ಕನ್ನಡಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಉಳಿಯುವ ಎಡೆ ಐದು ಸೆಂಟಿಮೀಟರು. ಪಾದಚಾರಿಯು ಮೋರಿಗೆ ಇಳಿಯದೆ ಗತ್ಯಂತರವಿಲ್ಲ.

ತೂಕದ ಪರಿಣಾಮವು ಇನ್ನೂ ಗಹನವಾದುದು. ಹಗುರವಾದ ಕಾರೊಂದು ತನ್ನ ಮೂರರಷ್ಟು ತೂಗುವ ಕಾರಿಗೆ ಮುಖಾಮುಖಿಯಾಗಿ ಢಿಕ್ಕಿಯಾದಾಗ, ಸಂವೇಗ ಸಂರಕ್ಷಣೆಯ ನಿಯಮಾನುಸಾರ, ಹಗುರವಾದುದರ ವೇಗದಲ್ಲಿ ಆಗುವ ಬದಲಾವಣೆಯು ಭಾರವಾದುದರದಕ್ಕಿಂತ ಮೂರುಪಟ್ಟು. ಮೂಳೆ ಮುರಿಯುವುದೂ ಮಿದುಳು ಕದಡುವುದೂ ಈ ಹಠಾತ್ ಬದಲಾವಣೆಯಿಂದಲೇ. ದೊಡ್ಡ ಕಾರಿನೊಳಗಿನವರ ಕ್ಷೇಮಕ್ಕೆ ಹೊರಗಿನವರು ಬೆಲೆ ತೆರುತ್ತಾರೆ.

ಪಾದಚಾರಿಯ ವಿಷಯದಲ್ಲಿ ತೂಕಕ್ಕಿಂತ ಎತ್ತರವೇ ಘಾತಕ. ತಗ್ಗಾದ ಕಾರು ಕಾಲಿಗೆ ತಾಗಿ ಮನುಷ್ಯನನ್ನು ಬಾನೆಟ್ಟಿನ ಮೇಲಕ್ಕೆ ಉರುಳಿಸಿದರೆ, ಎತ್ತರವಾದುದು ಎದೆಗೆ ಬಡಿದು ನೆಲಕ್ಕೆ ಕೆಡವುತ್ತದೆ. ಮೂತಿಯ ಎತ್ತರ ಸುಮಾರು ಒಂದು ಮೀಟರನ್ನು ಮೀರಿದ ವಾಹನಗಳು, 76 ಸೆಂಟಿಮೀಟರು ಮೀರದ ಇಳಿಜಾರು ಮೂತಿಯವುಗಳಿಗಿಂತ, ಪಾದಚಾರಿಯ ಮರಣಕ್ಕೆ ಕಾರಣವಾಗುವ ಸಂಭವ ಸುಮಾರು ಶೇಕಡ 45ರಷ್ಟು ಹೆಚ್ಚೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು 2023ರಲ್ಲಿ ಪ್ರಕಟಿಸಿತು. ಚಾಲಕನ ಕಣ್ಣು ನೆಲದಿಂದ 1.6 ಮೀಟರು ಮೇಲೆಯೂ, ಅವನಿಂದ ಎರಡು ಮೀಟರು ಮುಂದಿರುವ ಬಾನೆಟ್ಟಿನ ಅಂಚು 1.1 ಮೀಟರು ಮೇಲೆಯೂ ಇದೆಯೆಂದು ಭಾವಿಸಿ ಒಂದು ಗೆರೆ ಎಳೆಯಿರಿ: ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಗೋಲಿ ಆಯುತ್ತಿರುವ, 60 ಸೆಂಟಿಮೀಟರು ಎತ್ತರದ ಮಗುವು ಎರಡು ಮೀಟರು ದೂರದವರೆಗೂ ಅವನಿಗೆ ಕಾಣದು.

ಕಾರು ಕೊಳ್ಳುವವರು ಮನೆಯ ಅಗತ್ಯವನ್ನೂ ಊರಿನ ಹಾದಿಯ ಅಗಲವನ್ನೂ ಜೊತೆಯಲ್ಲಿಯೇ ಅಳೆಯತಕ್ಕದ್ದು. ಈಗಾಗಲೇ ಕೊಂಡಿರುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಅಂಗಳದಿಂದ ಹೊರಡುವ ಮುನ್ನ ಒಮ್ಮೆ ಮೂತಿಯ ಮುಂದಕ್ಕೆ ನಡೆದು, ನೆಲವನ್ನು ನೋಡಿರಿ.